‘ಶಾಂತ, ಮುಂದೆ, ನೇರ’ ಎಂದ ಜನರಲ್ ಯಾರು?

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಒಂದು ರೈಡಿಂಗ್ ಸ್ಕೂಲಿನಲ್ಲಿ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಅವಳ ಕೋಚ್ ಪಾಠ ಶುರು ಮಾಡುವಾಗಲೆಲ್ಲ ‘ಶಾಂತ, ಮುಂದೆ, ನೇರ’ ಅನ್ನುತ್ತಾರಂತೆ. ಇದನ್ನು ಹೇಳಿದ್ದು ಲೋತ್ ಎಂಬ ಫ್ರೆಂಚ್ ಜನರಲ್ ಅಂತ ತಿಳಿಯಿತು. ಅವರು ಯಾರು? ಮತ್ತೆ, ‘ನೇರ’ ಯಾಕೆ ಕೊನೆಗೆ? ಅದನ್ನೇ ಮೊದಲು ಕಲಿಸಬಹುದಲ್ವಾ?

ಉತ್ತರ: ಅಲೆಕ್ಸಿ ಲೋತ್ ಹುಟ್ಟಿದ್ದು 1825ರಲ್ಲಿ, ಫ್ರಾನ್ಸಿನ ಪೂರ್ವಕ್ಕಿರುವ ಲೂನೆವಿಲ್‌ನಲ್ಲಿ. ಅದು ಅಶ್ವದಳದ ಊರು. ಸೇಂಟ್ ಸಿರ್ ಸೈನಿಕ ಶಾಲೆಯಲ್ಲಿ ಓದಿ ಅಶ್ವದಳದ ಅಧಿಕಾರಿಯಾದರು. 1864ರಿಂದ 1870ರವರೆಗೆ ಲ್ವಾರ್ ನದಿ ದಡದ ಸೊಮ್ಯೂರ್ ಅಶ್ವದಳ ಶಾಲೆಯಲ್ಲಿ ಮುಖ್ಯ ಸವಾರಿ ಗುರು ಆಗಿದ್ದರು. ಪ್ರಶ್ಯದ ಜೊತೆಗಿನ ಯುದ್ಧ ಮುಗಿದ ಮೇಲೆ, 1875ರಲ್ಲಿ ಅದೇ ಶಾಲೆಗೆ ಮುಖ್ಯಸ್ಥರಾಗಿ ಮರಳಿದರು. ನಿವೃತ್ತಿಯ ನಂತರ ಹುಟ್ಟೂರಿಗೆ ಹೋಗಿ, ವಯಸ್ಸಾದ ಮೇಲೂ ಕುದುರೆ ಪಳಗಿಸುತ್ತಲೇ ಇದ್ದು, 1904ರಲ್ಲಿ ತೀರಿಕೊಂಡರು.

ಈಗ ಆ ಮೂರು ಮಾತಿಗೆ ಬರೋಣ. ಅವುಗಳ ಜೀವ ಇರುವುದೇ ಆ ಕ್ರಮದಲ್ಲಿ.

ಬೆದರಿದ ಕುದುರೆಯ ಬೆನ್ನು ಕಲ್ಲಿನಂತಾಗುತ್ತದೆ, ಕತ್ತು ಮೇಲಕ್ಕೆದ್ದಿರುತ್ತದೆ, ಗಮನ ಬೇರೆಲ್ಲೋ ಇರುತ್ತದೆ. ಆಗ ಸವಾರ ಕಾಲಿನಲ್ಲಿ ಏನು ಹೇಳಿದರೂ ಅದಕ್ಕೆ ಮುಟ್ಟುವುದಿಲ್ಲ. ಅದಕ್ಕೇ ಶಾಂತಿ ಮೊದಲು. ‘ಮುಂದೆ’ ಅಂದರೆ ವೇಗ ಅಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕಾಲು ಮೆಲ್ಲಗೆ ತಾಗಿದರೆ ಸಾಕು, ಹೊರಡಲು ಕುದುರೆ ತಯಾರಿರಬೇಕು. ನಿಂತಾಗಲೂ ಆ ತಯಾರಿ ಒಳಗೆ ಇರಬೇಕು. ‘ನೇರ’ ಅಂದರೆ ಹಿಂಗಾಲುಗಳು ಮುಂಗಾಲುಗಳ ದಾರಿಯಲ್ಲೇ ಬರುವುದು. ಹೆಚ್ಚುಕಮ್ಮಿ ಎಲ್ಲ ಕುದುರೆಗಳೂ ಹುಟ್ಟಿನಿಂದಲೇ ಸ್ವಲ್ಪ ಸೊಟ್ಟ, ಹಿಂಭಾಗ ಒಂದು ಕಡೆಗೆ ಜಾರುತ್ತದೆ. ಸೈಕಲ್ ನಿಧಾನವಾದಷ್ಟೂ ಹ್ಯಾಂಡಲ್ ಓಲಾಡುತ್ತದೆ ನೋಡಿ, ಹಾಗೆಯೇ ಮುಂದೆ ಹೋಗುವ ಮನಸ್ಸಿಲ್ಲದ ಕುದುರೆಯನ್ನು ನೇರ ಮಾಡಲು ಆಗುವುದಿಲ್ಲ. ಲಗಾಮು ಎಳೆದರೆ ಕತ್ತು ತಿರುಗುತ್ತದೆ ಅಷ್ಟೇ, ಹಿಂಭಾಗ ಸೊಟ್ಟಗೇ ಉಳಿಯುತ್ತದೆ.

ಮುಂದಿನ ಸಲ ಮಗಳು ಸವಾರಿ ಮಾಡುವಾಗ ಹಿಂದೆ ನಿಂತು ನೋಡಿ. ಕುದುರೆ ನಿಮ್ಮಿಂದ ದೂರ, ಒಂದೇ ಗೆರೆಯಲ್ಲಿ ನಡೆಯಲಿ. ಹಿಂಗಾಲುಗಳು ಮುಂಗಾಲುಗಳನ್ನು ಮರೆಮಾಡಿದರೆ ಅದು ನೇರ. ಒಂದು ಮುಂಗಾಲು ಪಕ್ಕದಲ್ಲಿ ಇಣುಕುತ್ತಿದ್ದರೆ ಇನ್ನೂ ಕೆಲಸವಿದೆ.

ಪ್ರಶ್ನೆ: ಲೋತ್ ಅವರು ಬೋಶೆಯ ಶಿಷ್ಯ ಅಂತ ಓದಿದ್ದೇನೆ. ಆದರೆ ಸೊಮ್ಯೂರ್‌ನಲ್ಲಿ ಬೋಶೆಯ ವಿದ್ಯೆಯನ್ನು ಅವರು ಕಲಿಸಲೇ ಇಲ್ಲವಂತೆ. ಮೇಲಿನವರಿಗೆ ಹೆದರಿದರೇ?

ಉತ್ತರ: ಹೆದರಿಕೆ ಅಂತ ನನಗೆ ಅನ್ನಿಸುವುದಿಲ್ಲ. ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ನಿರ್ಧಾರವೇ ಅದು.

ಆಗಿನ ಫ್ರಾನ್ಸಿನಲ್ಲಿ ಇಬ್ಬರು ಗುರುಗಳು, ಎರಡು ಬಣ. ಫ್ರಾನ್ಸ್ವಾ ಬೋಶೆ ಸರ್ಕಸ್ ರಿಂಗಿನಲ್ಲಿ ಹೆಸರು ಮಾಡಿದವರು. ನಿಂತಲ್ಲೇ ಕುದುರೆಯ ದವಡೆ, ಕತ್ತುಗಳ ಬಿಗಿತ ಬಿಡಿಸಿ, ಅದರ ಪ್ರತಿ ಹೆಜ್ಜೆಯನ್ನೂ ತಮ್ಮ ಹಿಡಿತಕ್ಕೆ ತರುತ್ತಿದ್ದರು. 1840ರ ದಶಕದಲ್ಲಿ ಸೇನೆ ಅವರ ಪದ್ಧತಿಯನ್ನು ಪರೀಕ್ಷೆ ಮಾಡಿ, ಆಮೇಲೆ ಕೈಬಿಟ್ಟಿತು. ಇನ್ನೊಬ್ಬರು ಕೌಂಟ್ ದೋರ್. 1830ರಲ್ಲಿ ಮುಚ್ಚಿಹೋದ ವರ್ಸೇ ಅರಮನೆಯ ಸವಾರಿ ಶಾಲೆಯಿಂದ ಬಂದವರು. ಬಯಲಿನಲ್ಲಿ ಧೈರ್ಯವಾಗಿ ಓಡಿಸು, ಕುದುರೆಯನ್ನು ಮುಂದೆ ಬಿಡು ಅನ್ನುವುದು ಅವರ ದಾರಿ. ಎರಡೂ ಕಡೆಯವರು ಜೋರಾಗಿ ಕಿತ್ತಾಡುತ್ತಿದ್ದರು.

ಲೋತ್ 1849ರಲ್ಲಿ ಲಿಯೊನ್ ನಗರದಲ್ಲಿ ಬೋಶೆಯ ಪಾಠಕ್ಕೆ ಸೇರಿದರು. ಮರುವರ್ಷ ಸೊಮ್ಯೂರ್‌ಗೆ ಹೋದರೆ, ಅಲ್ಲಿ ಮುಖ್ಯ ಗುರು ದೋರ್! ಇಬ್ಬರನ್ನೂ ಮನಸಾರೆ ಗೌರವಿಸಿದರು, ಇಬ್ಬರ ಮಾತನ್ನೂ ಬರೆದಿಟ್ಟುಕೊಂಡರು. ಯಾರ ಬಣಕ್ಕೂ ಸೇರಲಿಲ್ಲ.

ಮುಂದೆ ತಾವೇ ಮುಖ್ಯ ಗುರುವಾದಾಗ, ಸೈನಿಕರಿಗೆ ದೋರ್ ದಾರಿಯನ್ನೇ ಕಲಿಸಿದರು. ಬೋಶೆಯ ಸೂಕ್ಷ್ಮ ವಿದ್ಯೆಯನ್ನು ತಮ್ಮ ಸ್ವಂತ ಕುದುರೆಗಳಿಗೆ ಇಟ್ಟುಕೊಂಡರು. ಯೋಚಿಸಿ, ಸೇನೆಯಲ್ಲಿ ಸಾಮಾನ್ಯ ಸವಾರ ಕಲಿಯಲು ಸಿಗುವ ಸಮಯ ಕಡಿಮೆ, ಕುದುರೆಗಳು ಬಗೆಬಗೆಯವು, ಓಡಬೇಕಾದ್ದು ಹಳ್ಳದಿಣ್ಣೆಯಲ್ಲಿ. ಬೋಶೆಯ ವಿದ್ಯೆಯನ್ನು ಅರ್ಧ ಕಲಿತವನ ಕೈಯಲ್ಲಿ ಕುದುರೆಯ ಮುಂದೆ ಹೋಗುವ ಮನಸ್ಸೇ ಸತ್ತುಹೋಗುತ್ತದೆ. ತನಗೆ ಬರುವ ವಿದ್ಯೆಯನ್ನೆಲ್ಲ ಸಿಕ್ಕವರಿಗೆಲ್ಲ ಹೇರದ ಗುರು ಅಪರೂಪ. ಆ ಸಂಯಮವನ್ನು ನಾನು ತುಂಬಾ ಮೆಚ್ಚುತ್ತೇನೆ.

ಹಾಗಂತ ಬೋಶೆಯನ್ನು ಅವರು ಬಿಡಲಿಲ್ಲ. 1855ರಲ್ಲಿ ಸರ್ಕಸ್ಸಿನ ದೊಡ್ಡ ತೂಗುದೀಪ ಮೈಮೇಲೆ ಬಿದ್ದು ಬೋಶೆ ಜಖಂ ಆಗಿದ್ದರು. ಆಮೇಲೆ ಅವರ ಪದ್ಧತಿಯೂ ಮೃದುವಾಯಿತು: ಕೈ ಕೆಲಸ ಮಾಡುವಾಗ ಕಾಲು ಸುಮ್ಮನಿರಲಿ, ಕಾಲು ಕೆಲಸ ಮಾಡುವಾಗ ಕೈ ಸುಮ್ಮನಿರಲಿ ಎಂದರು. 1873ರಲ್ಲಿ ಅವರು ಸಾವಿನ ಹಾಸಿಗೆಯಲ್ಲಿದ್ದಾಗ ಲೋತ್ ನೋಡಲು ಹೋದರು. ಬೋಶೆ ಶಿಷ್ಯನ ಕೈ ಹಿಡಿದು, ಲಗಾಮು ಹಿಡಿಯುವ ಭಂಗಿಗೆ ತಂದರು. ಅದನ್ನು ಅಲುಗದಂತೆ ಒತ್ತಿ ಹಿಡಿದು, ಯಾವಾಗಲೂ ಹೀಗೇ ಇರಲಿ ಎಂದರು. ಆಮೇಲೆ ಅದೇ ಕೈಯನ್ನು ಲೋತ್ ಅವರ ಎದೆಯ ಕಡೆಗೆ ಎಳೆದು, ಹೀಗೆ ಮಾತ್ರ ಎಂದೂ ಬೇಡ ಎಂದರು. ಇದನ್ನು ಬರೆದಿಟ್ಟವರು ಲೋತ್ ಅವರೇ.

ಕೈ ಒಂದೇ ಕಡೆ ನಿಂತಿದ್ದರೆ ಕುದುರೆ ತಾನಾಗಿ ದವಡೆ ಸಡಿಲಿಸುತ್ತದೆ, ಆ ಕ್ಷಣವೇ ಅದಕ್ಕೆ ಆರಾಮ ಸಿಗುತ್ತದೆ. ಕೈ ಹಿಂದಕ್ಕೆ ಎಳೆದರೆ ಅದೂ ಎಳೆಯುತ್ತದೆ. ಲಗಾಮು ಕೈಗೆ ಬಂದ ಮೊದಲ ದಿನ ನಾವೆಲ್ಲ ಮಾಡುವುದು ಈ ಎರಡನೆಯದನ್ನೇ.

ಪ್ರಶ್ನೆ: ಅವರ ಪುಸ್ತಕ ಹೊಸಬರು ಓದಬಹುದಾ?

ಉತ್ತರ: ಎರಡು ಪುಸ್ತಕಗಳಿವೆ, ಎರಡೂ ಅವರು ತೀರಿಕೊಂಡ ಮೇಲೆ ಬಂದವು. 1905ರದ್ದು ಅಶ್ವದಳದ ಅಧಿಕಾರಿಯಾಗಿ ಅವರ ನೆನಪುಗಳು. 1906ರದ್ದು ಸವಾರಿಯ ಪ್ರಶ್ನೆಗಳನ್ನು ಕುರಿತದ್ದು. ಎರಡನೆಯದರ ಇಂಗ್ಲಿಷ್ ಅನುವಾದ ಇದೆ. ಪುಸ್ತಕ ಚಿಕ್ಕದು, ಆದರೆ ಹೊಸಬರ ಕೈಪಿಡಿ ಅಲ್ಲ. ಕುದುರೆ ತನ್ನ ಕೆಲಸಕ್ಕೆ ಬೇಕಾದಷ್ಟೇ ಶಕ್ತಿ ಬಳಸಬೇಕು, ಹಗುರ ಅಂದರೆ ಅದೇ ಅನ್ನುತ್ತಾರೆ. ಒಂದು ಕುದುರೆಯಾದರೂ ನಿಮ್ಮ ಕಾಲಿನ ಮಾತು ಕೇಳಿದ ಮೇಲೆ ಓದಿದರೆ ಇದು ಜಾಸ್ತಿ ತಿಳಿಯುತ್ತದೆ. ಅಲ್ಲಿಯವರೆಗೆ ಕೋಚ್ ಹೇಳುವ ಆ ಮೂರು ಮಾತು ಸಾಕು.