ಮತ್ತೆ ಓದೋದು ಬಿಡಿ, ಕೊನೆ ತನಕ ಕೂತ್ಕೊಳ್ಳಿ

ಎಂ.ಎ.ಯಲ್ಲಿ ಓದಿದ ಜಾರ್ಜ್ ಆರ್ವೆಲ್ ಕಾದಂಬರಿ ‘1984’ ಈಗ ನಾಟಕ ಆಗ್ತಿದೆ, ಹೋಗೋ ಮುಂಚೆ ಮತ್ತೆ ಓದಲಾ ಅಂತ ಕೇಳಿದ್ದೀರಿ. ನನಗೆ ನೆನಪಾಗಿದ್ದು ದಾವಣಗೆರೆಯ ಒಂದು ರಾತ್ರಿ, ಕೈಯಲ್ಲಿದ್ದ ಬಿಸಿ ಮಿರ್ಚಿ.

ನಾನೂ ಅದನ್ನು ಓದಿ ಪಾಸಾದವನೇ. ಓದಿ ಅಂದರೆ, ಗೈಡ್ ಓದಿ. ಕಥಾನಾಯಕ ವಿನ್‌ಸ್ಟನ್ ಸ್ಮಿತ್‌ನ ಪಾತ್ರಕ್ಕೆ ಹತ್ತು ಅಂಕ, ಜನರ ಮೇಲೆ ಕಣ್ಣಿಡೋ ಟೆಲಿಸ್ಕ್ರೀನ್ ಬಗ್ಗೆ ಟಿಪ್ಪಣಿಗೆ ಐದು. ಕೊನೆಗೆ ಅವನು ಸೋತು, ತಾನು ದ್ವೇಷಿಸ್ತಿದ್ದ ಆಳುವ ಪಾರ್ಟಿಯ ನಾಯಕ ಬಿಗ್ ಬ್ರದರ್‌ನನ್ನೇ ಪ್ರೀತಿಸ್ತಾನೆ, ಕಥೆ ಮುಗೀತು. ವರ್ಷಗಟ್ಟಲೆ ಹಾಗೇ ನಂಬಿದ್ದೆ.

ನಾಟಕ ಆಡಿದ್ದು ಒಂದು ಹವ್ಯಾಸಿ ತಂಡ. ಕಂಪನಿ ನಾಟಕಗಳ ವೈಭವ ಕಂಡ ಊರು ನಮ್ಮದು. ಇವರ ಹತ್ತಿರ ಇದ್ದಿದ್ದು ಎರಡು ಕಬ್ಬಿಣದ ಕುರ್ಚಿ, ಒಂದು ಬಿಳಿ ಪರದೆ. ವಿನ್‌ಸ್ಟನ್‌ನನ್ನು ಹೆದರಿಸಿ ಮಣಿಸೋಕೆ ತರೋ ಇಲಿಗಳ ಪಂಜರಕ್ಕೆ ಕರಿ ಬಟ್ಟೆ ಮುಚ್ಚಿ, ಒಳಗಿಂದ ತಗಡು ಕೆರೆಯೋ ಸದ್ದು ಮಾಡಿದರು, ಅಷ್ಟೇ. ಸಾಕಾಗಿತ್ತು. ಅದಕ್ಕೂ ಮುಂಚೆ, ವಿನ್‌ಸ್ಟನ್‌ನನ್ನು ಹಿಡಿಯುವಾಗ ಅವನ ಪೇಪರ್‌ವೇಟ್ ಒಡೀತಾರಲ್ಲ, ನಿಜವಾದ ಗಾಜೇ ಒಡೆದರು. ಒಂದು ಚೂರು ಮುಂದಿನ ಸಾಲಿಗೆ ಜಾರಿ ಬಂತು. ಅಲ್ಲಿದ್ದ ಅಜ್ಜ ಒಬ್ಬರು ಬಗ್ಗಿ ಎತ್ತಿ, ಒರೆಸಿ, ಜೇಬಿಗೆ ಹಾಕಿಕೊಂಡರು.

ವಿನ್‌ಸ್ಟನ್ ಜಿನ್ ಮುಂದಿಟ್ಕೊಂಡು ಕೂತ. ಬೆಳಕು ಆರಿತು. ನಾನು ಎದ್ದೆ. ಕಥೆ ಗೊತ್ತಲ್ಲ! ಜನ ಮುತ್ತಿಕೊಳ್ಳೋ ಮುಂಚೆ ಮಿರ್ಚಿ ಹಿಡಿಯೋಣ ಅಂತ ಹೊರಗೆ ಬಂದೆ. ಹತ್ತು ನಿಮಿಷದ ಮೇಲೆ ಗೆಳೆಯ ಬಂದ. ಮಿರ್ಚಿ ಕೊಟ್ಟರೆ ಮುಟ್ಟಲಿಲ್ಲ. “ಎಲ್ಲಿ ಹೋಗಿದ್ಯಲೇ? ಆ ಹುಡುಗಿ ಓದಿದ್ದು ಕೇಳಿದ್ಯಾ?”

ಆಗಿದ್ದಿಷ್ಟು. ಕಾದಂಬರಿಯ ಕೊನೆಗೆ ಒಂದು ಅನುಬಂಧ ಇದೆ, ಪಾರ್ಟಿ ಕಟ್ಟಿದ ನ್ಯೂಸ್ಪೀಕ್ ಭಾಷೆಯ ವ್ಯಾಕರಣ. ನನ್ನ ಗೈಡ್‌ನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅದು ಇಡೀ ಭೂತಕಾಲದಲ್ಲಿದೆ. ನ್ಯೂಸ್ಪೀಕ್, ಕಥೆ ನಡೆಯೋ ದೇಶ ಓಶಿಯಾನಿಯಾದ ಅಧಿಕೃತ ಭಾಷೆ ‘ಆಗಿತ್ತು’ ಅಂತಲೇ ಶುರು. ‘ಆಗಿದೆ’ ಅಲ್ಲ, ‘ಆಗಿತ್ತು’. ಅದೂ ನ್ಯೂಸ್ಪೀಕ್‌ನಲ್ಲಲ್ಲ, ಮಾಮೂಲಿ ಇಂಗ್ಲಿಷ್‌ನಲ್ಲಿ. ಅಂದರೆ ಬರೆಯೋ ಹೊತ್ತಿಗೆ ಆ ಭಾಷೆ ಸತ್ತಿದೆ, ಪಾರ್ಟಿಯೂ ಬಿದ್ದಿರಬೇಕು. ಎಲ್ಲರೂ ಇದನ್ನು ಒಪ್ಪಲ್ಲ, ನಾನು ಒಪ್ತೀನಿ. 1949ರಲ್ಲಿ ಪುಸ್ತಕ ಬರುವಾಗ ಅಮೆರಿಕದ ಒಂದು ಬುಕ್ ಕ್ಲಬ್ ಅನುಬಂಧ ತೆಗೀರಿ ಅಂದಿತ್ತು. ಆರ್ವೆಲ್ ಒಪ್ಪಲಿಲ್ಲ. ಸುಮ್ನೆ ಹಟಕ್ಕೆ ಯಾರು ಹಾಗೆ ಮಾಡ್ತಾರೆ?

ಬೆಳಕು ಮತ್ತೆ ಬಂದಾಗ ಮಾಮೂಲಿ ಚೂಡಿದಾರದ ಹುಡುಗಿಯೊಬ್ಬಳು ಹಳೇ ರಿಜಿಸ್ಟರ್ ಹಿಡಿದು ಬಂದು ಈ ಸಾಲು ಓದಿದಳಂತೆ. ‘ಆಗಿತ್ತು’ ಅನ್ನೋದನ್ನು ಎರಡು ಸಲ ಓದಿದಳಂತೆ. ಇಡೀ ಸಭಾಂಗಣ ಉಸಿರು ಹಿಡಿದು ಕೇಳ್ತಿದ್ದಾಗ ನಾನು, ಮೆಣಸಿನಕಾಯಿ ಜಾಸ್ತಿ ಬೇಡ ಅಂತ ಅಂಗಡಿಯವನಿಗೆ ಹೇಳ್ತಿದ್ದೆ. ಮರು ಪ್ರಯೋಗ ಆಗಲೇ ಇಲ್ಲ.

ಅದಕ್ಕೇ, ಓದಲಾ ಬೇಡವಾ ಅನ್ನೋ ಪ್ರಶ್ನೆಯೇ ತಪ್ಪು ಅನ್ಸುತ್ತೆ. ಕಥೆ ಗೊತ್ತಿದೆ ಅನ್ನೋ ಧೈರ್ಯ ಇನ್ನಷ್ಟು ಯಾಕೆ ಬೇಕು? ಕೈ ಸುಮ್ನಿರಲ್ಲ ಅಂದರೆ ಆ ಅನುಬಂಧದ ಕೆಲವು ಪುಟ ಮಾತ್ರ ಓದಿ. ಕಲಾವಿದರು ಬಂದು ಕೈ ಮುಗಿಯೋವರೆಗೂ ಸೀಟು ಬಿಡಬೇಡಿ. ಮಿರ್ಚಿ ಎಲ್ಲಿಗೂ ಓಡಿ ಹೋಗಲ್ಲ.