ಓದುಗರ ಪ್ರಶ್ನೆ: ದೇವರು ಸುಮ್ಮನಿದ್ದಾರಲ್ಲ ಅಕ್ಕಾ, ನಾನಿನ್ನೂ ಪ್ರಾರ್ಥನೆ ಮಾಡ್ಬೇಕಾ?

ಈ ಸಲ ಮೂರು ಪತ್ರ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಹೋಗಿದೆ. ಬಹಳ ಜನರ ಮನಸ್ಸಿನಲ್ಲಿದ್ದೂ ಬಾಯಿಗೆ ಬಾರದ ಪ್ರಶ್ನೆ ಅದು.

ಪ್ರಶ್ನೆ: ಅಕ್ಕಾ, ನಾನು ಗುಳೇದಗುಡ್ಡದವಳು. ಮುತ್ತಜ್ಜನ ಕಾಲದಿಂದ ನಾವು ಕ್ರೈಸ್ತ ಸಭೆಯವರು. ನಮ್ಮ ಯಜಮಾನರು ಖಣ ನೇಯ್ದು ಸಂಸಾರ ಸಾಕಿದವರು. ಹೋದ ವರ್ಷ ಅವರ ಎರಡೂ ಕಿಡ್ನಿ ಫೇಲ್ ಆದವು. ಈಗ ವಾರಕ್ಕೆ ಎರಡು ಸಲ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಬೆಳಗಿನ ಬಸ್ಸಿಗೆ ಹೋದರೆ ತಿರುಗಿ ಬರೋದು ಸಂಜೆ. ಅವರು ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಕಟ್ಟಿಕೊಂಡು ಹೋದ ರೊಟ್ಟಿ ಎಷ್ಟೋ ಸಲ ಡಬ್ಬಿಯಲ್ಲೇ ವಾಪಸ್ ಬರುತ್ತದೆ, ಗಂಟಲಲ್ಲಿ ಇಳಿಯೋದಿಲ್ಲ. ಮೊದಲೆಲ್ಲ ಪ್ರಾರ್ಥನೆಗೆ ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಏನೂ ಇಲ್ಲ, ಗೋಡೆಗೆ ಮಾತಾಡಿದ ಹಾಗೆ ಆಗುತ್ತದೆ. ಸಭೆಯಲ್ಲಿ ಒಬ್ಬಿಬ್ಬರು ‘ನಿಮ್ಮ ಮನೆಯಲ್ಲಿ ಏನೋ ಗುಪ್ತವಾದ ಪಾಪ ಇದೆ, ನಿನ್ನ ನಂಬಿಕೆ ಸಾಲದು, ಉಪವಾಸ ಹಿಡಿ’ ಅಂದರು. ಭಾನುವಾರ ಯಾರಾದರೂ ಎದ್ದು ನಿಂತು ಸ್ವಸ್ಥವಾದ ಸಾಕ್ಷಿ ಹೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಾನು ಇನ್ನೂ ಕ್ರೈಸ್ತಳು ಅಂತ ಹೇಳಿಕೊಳ್ಳಬಹುದಾ? ಹೆಸರು ಹಾಕಬೇಡಿ.

ಉತ್ತರ: ತಂಗಿ, ಹೇಳಿಕೊಳ್ಳಬಹುದು. ಧೈರ್ಯವಾಗಿ ಹೇಳಿಕೊಳ್ಳಿ.

ಆ ಪಾಪದ ಮಾತನ್ನು ಮೊದಲು ಮನಸ್ಸಿನಿಂದ ತೆಗೆದು ಹಾಕಿ. ಸತ್ಯವೇದದಲ್ಲಿ ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳಿದರು. ಯಾರು ಪಾಪ ಮಾಡಿದ್ದಕ್ಕೆ ಇವನು ಕುರುಡನಾಗಿ ಹುಟ್ಟಿದ, ಇವನಾ, ಇವನ ತಂದೆತಾಯಿಯಾ? ಯೇಸುಸ್ವಾಮಿ ಇಬ್ಬರೂ ಅಲ್ಲ ಅಂದುಬಿಟ್ಟರು. ಶಿಷ್ಯರು ಅವನ ರೋಗಕ್ಕೆ ಕಾರಣ ಹುಡುಕುತ್ತಾ ನಿಂತಿದ್ದರು, ಸ್ವಾಮಿ ಅವನ ಕಣ್ಣಿಗೆ ಕೈ ಹಾಕಿದರು.

ಆಸ್ತಿ, ಮಕ್ಕಳು, ಆರೋಗ್ಯ ಎಲ್ಲಾ ಕಳೆದುಕೊಂಡ ಯೋಬನ ಸ್ನೇಹಿತರ ಕಥೆಯೂ ನಿಮಗೆ ಗೊತ್ತಿರುತ್ತದೆ. ಆದರೆ ನಾವು ಅದನ್ನು ಪೂರ್ತಿ ಓದೋದು ಕಡಿಮೆ. ಅವರು ಬಂದು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಒಂದು ಮಾತೂ ಆಡಲಿಲ್ಲ. ನನ್ನನ್ನು ಕೇಳಿದರೆ ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಶುರುವಾಯಿತು: ನೀನು ಏನೋ ಮಾಡಿರಬೇಕು, ದೇವರು ಸುಮ್ಮಸುಮ್ಮನೆ ಶಿಕ್ಷೆ ಕೊಡೋದಿಲ್ಲ, ಒಪ್ಪಿಕೋ. ಯೋಬ ಒಪ್ಪಲಿಲ್ಲ. ದೇವರ ಮೇಲೇ ಕೂಗಾಡಿದ. ಮುಂದೆ ಹೋದರೂ ಸಿಗುವುದಿಲ್ಲ, ಹಿಂದೆ ಹೋದರೂ ಕಾಣುವುದಿಲ್ಲ ಅಂದ. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಆ ಸ್ನೇಹಿತರಲ್ಲಿ ಒಬ್ಬನಾದ ಎಲೀಫಜನಿಗೆ ಏನು ಹೇಳುತ್ತಾರೆ ನೋಡಿ. ನೀವು ಮೂವರು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ನನ್ನ ಸೇವಕನಾದ ಯೋಬ ಮಾತಾಡಿದ ಅಂತ. ದೇವರ ಪರ ವಕಾಲತ್ತು ಮಾಡಿದವರಿಗೆ ಬೈಗುಳ, ದೇವರ ಜೊತೆ ಜಗಳ ಆಡಿದವನಿಗೆ ಮಾನ! ನಿಮಗೆ ಉಪವಾಸ ಹಿಡಿ ಅಂದವರು ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು. ಆದರೂ ಆ ಮಾತು ತಪ್ಪು.

ಗೋಡೆಗೆ ಮಾತಾಡಿದ ಹಾಗೆ ಅಂತ ಬರೆದಿದ್ದೀರಿ. ಸತ್ಯವೇದದಲ್ಲಿ ಹಾಗೆ ಅನಿಸಿದವರ ಪ್ರಾರ್ಥನೆಗಳು ಒಂದೆರಡಲ್ಲ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗ ಗೋಳಾಟದವೇ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲಿ ‘ಎಲ್ಲಿಯ ತನಕ’ ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅದು ಕೊನೆಗಾದರೂ ಸ್ತೋತ್ರಕ್ಕೆ ತಿರುಗುತ್ತದೆ. 88ನೇದು ತಿರುಗುವುದೇ ಇಲ್ಲ. ಹಗಲು ರಾತ್ರಿ ಮೊರೆಯಿಟ್ಟೆ, ಯಾಕೆ ಮುಖ ಮರೆಮಾಡಿಕೊಂಡೆ ಅಂತ ಕೇಳಿ ಕೇಳಿ ಕತ್ತಲೆಯಲ್ಲೇ ಮುಗಿಯುತ್ತದೆ. ಇದನ್ನು ಯಾರೂ ಹರಿದು ಹಾಕಲಿಲ್ಲ, ಕೊನೆಗೆ ಒಂದು ಸಮಾಧಾನದ ಸಾಲು ಸೇರಿಸಲೂ ಇಲ್ಲ. ದೇವಾಲಯದಲ್ಲಿ ಹಾಡೋದಕ್ಕೆ ಅಂತ ಇಟ್ಟುಕೊಂಡರು. ಅಂದರೆ ಇಂಥ ದಿನಗಳು ಬರುತ್ತವೆ, ಆಗ ಇದೂ ಬೇಕಾಗುತ್ತದೆ ಅಂತ ಆ ಜನಕ್ಕೆ ಗೊತ್ತಿತ್ತು. ನಾವು ಮಾತ್ರ ಭಾನುವಾರ ಬರೀ ಜಯದ ಹಾಡು ಹಾಡಿ ಮನೆಗೆ ಹೋಗುತ್ತೇವೆ. ಸ್ವಸ್ಥವಾಗದವರಿಗೂ ಸಾಕ್ಷಿ ಹೇಳಲು ಎದ್ದು ನಿಲ್ಲುವ ಜಾಗ ನಮ್ಮ ಸಭೆಗಳಲ್ಲಿ ಇರಬೇಕು, ನಾನು ಇದನ್ನು ಬಿಡದೆ ಹೇಳುತ್ತಲೇ ಇರುತ್ತೇನೆ. ನಿಮಗೆ ಹೊಟ್ಟೆ ಉರಿದದ್ದರಲ್ಲಿ ನನಗೆ ಆಶ್ಚರ್ಯ ಇಲ್ಲ. ಅದನ್ನೂ ದೇವರಿಗೆ ಹಾಗೇ ಹೇಳಿ, ಅವಳಿಗೆ ಕೊಟ್ಟೆ, ನನಗೆ ಯಾಕೆ ಕೊಡಲಿಲ್ಲ ಅಂತ.

ಇನ್ನೊಂದು ವಿಷಯ, ನನಗೆ ಇದು ಎಲ್ಲಕ್ಕಿಂತ ದೊಡ್ಡದು. ಯೇಸುಸ್ವಾಮಿ ಯೊರ್ದನ್ ನದಿಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಾಗ ಆಕಾಶದಿಂದ ವಾಣಿ ಬಂತು, ಈತನು ಪ್ರಿಯನಾದ ನನ್ನ ಮಗನು ಅಂತ. ಬೆಟ್ಟದ ಮೇಲೆ ರೂಪಾಂತರವಾದಾಗ ಮತ್ತೆ ಬಂತು. ಶಿಲುಬೆಯ ಮೇಲೆ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅಂತ ಮಹಾಶಬ್ದದಿಂದ ಕೂಗಿದಾಗ? ಯಾವ ವಾಣಿಯೂ ಬರಲಿಲ್ಲ. ಆ ಹೊತ್ತಿಗೆ ತಂದೆಗೆ ಮಗನ ಮೇಲೆ ಪ್ರೀತಿ ಕಡಿಮೆಯಾಗಿತ್ತಾ? ಇಲ್ಲ ಅಲ್ವಾ. ಹಾಗಾದರೆ ನಿಮಗೆ ಉತ್ತರ ಕೇಳಿಸದೇ ಇರೋದನ್ನು ದೇವರು ನಿಮ್ಮನ್ನು ಬಿಟ್ಟಿದ್ದಕ್ಕೆ ಗುರುತು ಅಂತ ತಿಳಿಯಬೇಡಿ. ಆ ಕೂಗು 22ನೇ ಕೀರ್ತನೆಯ ಮೊದಲ ಸಾಲು. ಸ್ವಾಮಿಗೂ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಗೋಳಾಟದ ಕೀರ್ತನೆಯೇ.

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಬಹಳ ಜನ ಬೆಚ್ಚಿಬಿದ್ದರು. 1997ರಲ್ಲಿ ತೀರಿಕೊಂಡ ಅವರು ಅದಕ್ಕೂ ಮೊದಲು ಹೆಚ್ಚುಕಡಿಮೆ ಐವತ್ತು ವರ್ಷ ಒಳಗೆ ಕತ್ತಲೆಯನ್ನೇ ಹೊತ್ತುಕೊಂಡಿದ್ದರು. ಪ್ರಾರ್ಥನೆಯಲ್ಲಿ ದೇವರು ಇದ್ದಾರೆ ಅಂತ ಅನಿಸುತ್ತಲೇ ಇರಲಿಲ್ಲ. ತಮ್ಮ ಗುರುಗಳಿಗೆ ಮಾತ್ರ ಬರೆದು ತೋಡಿಕೊಂಡಿದ್ದರು. ಅವರು ಕಥೋಲಿಕರು, ನಾವು ಸಿಎಸ್‌ಐ ಅಂದರೆ ದಕ್ಷಿಣ ಭಾರತ ಸಭೆಯವರು, ಆ ಮಾತು ಇರಲಿ. ಬೆಳಗಾದರೆ ಪ್ರಾರ್ಥನೆಗೆ ಕೂರುವುದನ್ನೂ ರೋಗಿಗಳ ಹಾಸಿಗೆ ಪಕ್ಕ ಹೋಗುವುದನ್ನೂ ಅವರು ಬಿಡಲಿಲ್ಲ. ನೀವೂ ಬಿಟ್ಟಿಲ್ಲವಲ್ಲ ತಂಗಿ. ವಾರಕ್ಕೆ ಎರಡು ಸಲ ಬಸ್ ಹತ್ತುತ್ತಿದ್ದೀರಿ, ಗಂಡನ ಜೊತೆ ಇದ್ದೀರಿ, ಅನಿಸದಿದ್ದರೂ ಪ್ರಾರ್ಥನೆಗೆ ಕೂತು ಎದ್ದಿದ್ದೀರಿ. ಇದನ್ನು ನಂಬಿಕೆ ಅನ್ನದೆ ಇನ್ನೇನು ಅನ್ನಬೇಕು?

ಈಗ ಆ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಪ್ರವಾದಿ ಎಲೀಯ ಸಾಕಾಗಿ ಜಾಲಿಗಿಡದ ಕೆಳಗೆ ಕೂತು, ಇನ್ನು ನನ್ನ ಪ್ರಾಣ ತೆಗೆದುಬಿಡು ಅಂದ. 1 ಅರಸುಗಳು 19ರಲ್ಲಿದೆ. ದೇವದೂತನು ಬಂದು ಬುದ್ಧಿ ಹೇಳಲಿಲ್ಲ. ಮುಟ್ಟಿ ಎಬ್ಬಿಸಿದ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ತಂಬಿಗೆ ನೀರು ತಲೆಯ ಹತ್ತಿರ ಇತ್ತು, ತಿನ್ನು ಅಂದ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ, ಎದ್ದು ತಿನ್ನು, ನೀನು ಹೋಗಬೇಕಾದ ದಾರಿ ಬಹಳ ದೂರ ಅಂದ. ನಿಮ್ಮದೂ ದೂರದ ದಾರಿ. ಉಪವಾಸ ಈಗ ಬೇಡ. ಆ ಬೆಂಚಿನ ಮೇಲೆ ಕೂತು ಅರ್ಧ ರೊಟ್ಟಿಯಾದರೂ ತಿನ್ನಿ. ಡಯಾಲಿಸಿಸ್ ಒಂದು ಸಲಕ್ಕೆ ಸುಮಾರು ನಾಲ್ಕು ತಾಸು ನಡೆಯುತ್ತದೆ, ಅದರಲ್ಲಿ ಒಂದು ತಾಸು ಕಣ್ಣು ಮುಚ್ಚಿ.

ಊಟ ಸೇರದೆ, ನಿದ್ದೆ ಬರದೆ, ಯಾವುದಕ್ಕೂ ಅಳುವೂ ಬರದೆ, ಎಲ್ಲಾ ಮರಗಟ್ಟಿದ ಹಾಗೆ ವಾರಗಟ್ಟಲೆ ಇದ್ದರೆ ಅದು ಖಿನ್ನತೆಯೂ ಇರಬಹುದು. ರೋಗಿಯನ್ನು ನೋಡಿಕೊಳ್ಳುವವರಿಗೆ ಅದು ಬರುತ್ತದೆ. ಅದಕ್ಕೂ ನಂಬಿಕೆ ಕಡಿಮೆಯಾಗಿದ್ದಕ್ಕೂ ಸಂಬಂಧ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಇನ್ನು ಡಯಾಲಿಸಿಸ್‌ಗೆ ಕೈಯಿಂದ ಖರ್ಚಾಗುತ್ತಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಯೋಜನೆ 2016ರಿಂದ ಇದೆ. ಬಿಪಿಎಲ್ ಕಾರ್ಡ್ ತೆಗೆದುಕೊಂಡು ಹೋಗಿ.

ಪ್ರಾರ್ಥನೆ ಹೇಗೆ ಮಾಡಲಿ ಅಂದರೆ, ಏನಾದರೂ ಅನಿಸಲೇಬೇಕು ಅಂತ ಒದ್ದಾಡಬೇಡಿ. 13ನೇ ಕೀರ್ತನೆ ಬರೀ ಆರು ವಚನ. ಅದನ್ನೇ ಓದಿ, ಬೆಂಚಿನ ಮೇಲೆ ಕೂತೇ ಓದಿ. ಅದೂ ಆಗದಿದ್ದರೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರು ಮಾಡಿ, ಎಲ್ಲಿಗೆ ನಿಂತರೆ ಅಲ್ಲಿಗೆ ಬಿಡಿ. ಭಾನುವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಹಾಡಲು ಬಾರದಿದ್ದರೆ ಹಾಡಬೇಡಿ, ಉಳಿದವರು ಹಾಡುತ್ತಾರೆ. ಕಪೆರ್ನೌಮ್ ಅನ್ನುವ ಊರಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತುಕೊಂಡು ಬಂದು, ಮಾಳಿಗೆ ಬಿಚ್ಚಿ ಇಳಿಸಿದರಲ್ಲ, ಯೇಸುಸ್ವಾಮಿ ನೋಡಿದ್ದು ‘ಅವರ’ ನಂಬಿಕೆಯನ್ನು ಅಂತ ಮಾರ್ಕ ಬರೆಯುತ್ತಾನೆ. ಮಲಗಿದ್ದವನಿಗೆ ನಂಬಿಕೆ ಎಷ್ಟಿತ್ತು ಅನ್ನೋ ಲೆಕ್ಕ ಅಲ್ಲಿಲ್ಲ. ಕೆಲವು ದಿನ ನಿಮ್ಮನ್ನು ಬೇರೆಯವರು ಹೊರಲಿ.

ಅದಕ್ಕೇ ಗುಳೇದಗುಡ್ಡದ ಸಭೆಯವರಿಗೂ, ಇದನ್ನು ಓದುವ ಎಲ್ಲಾ ಸಭೆಯವರಿಗೂ ಎರಡು ಮಾತು. ನಿಮ್ಮದು ಸ್ವಿಟ್ಜರ್‌ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಕಾಲದ ಸಭೆ. 1876-78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇವತ್ತಿನ ಬಾಗಲಕೋಟೆ ಮತ್ತು ವಿಜಯಪುರದ ಸೀಮೆ, ತತ್ತರಿಸಿಹೋಗಿತ್ತು. ಹೊಟ್ಟೆಗಿಲ್ಲದ ಕಾಲದಲ್ಲಿ ಹೊಸ ಬಟ್ಟೆ ಕೊಳ್ಳುವವರಾರು, ನೇಕಾರರ ಪಾಡು ಕೇಳುವುದೇ ಬೇಡ. ಅಂಥ ಕಾಲ ಕಂಡ ನೆಲದವರು ನೀವು, ಒಬ್ಬರಿಗೊಬ್ಬರು ಆಗೋದು ಹೇಗೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಈ ತಂಗಿಯ ಮನೆಗೆ ಹೋಗಿ, ಕೂತುಕೊಳ್ಳಿ, ಉಪದೇಶ ಬೇಡ. ವಾರದಲ್ಲಿ ಒಂದು ಸಲ ಯಾರಾದರೂ ಸರದಿ ಮೇಲೆ ಅವರ ಗಂಡನನ್ನು ಬಾಗಲಕೋಟೆಗೆ ಕರೆದುಕೊಂಡು ಹೋದರೆ ಅವರಿಗೆ ಒಂದು ದಿನದ ನಿದ್ದೆ ಸಿಗುತ್ತದೆ. ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯಬೇಡಿ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಕಿಡ್ನಿ ಹೋದವರಿಗೆ ಅದು ವಿಷ. ಅದರ ಬದಲು ಆ ಹೊತ್ತಿನ ಅಡಿಗೆ ನೀವು ಮಾಡಿಕೊಡಿ, ಉಪ್ಪು ಎಷ್ಟು ಹಾಕಬೇಕು ಅಂತ ಮೊದಲು ತಂಗಿಯನ್ನೇ ಕೇಳಿ.

ಪ್ರಶ್ನೆ: ಅಕ್ಕಾ, ನಾನು ವಿಜಯಪುರದಲ್ಲಿ ಡಿಗ್ರಿ ಓದುತ್ತಿದ್ದೇನೆ. ಅವ್ವ ಕ್ಯಾನ್ಸರ್‌ನಿಂದ ತೀರಿಕೊಂಡಳು. ರಾತ್ರಿಯಿಡೀ ಮೊಣಕಾಲೂರಿ ಬೇಡಿಕೊಂಡಿದ್ದೆವು. ಎಲ್ಲರೂ ‘ದೇವರ ಚಿತ್ತ’ ಅನ್ನುತ್ತಾರೆ. ನನಗೆ ದೇವರ ಮೇಲೆ ಸಿಟ್ಟಿದೆ. ಇದು ಪಾಪವಾ?

ಉತ್ತರ: ತಮ್ಮಾ, ಲಾಜರ ಸತ್ತಾಗ ಮಾರ್ಥ ಊರ ಹೊರಗೇ ಯೇಸುಸ್ವಾಮಿಗೆ ಎದುರಾಗಿ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂದಳು. ಆಮೇಲೆ ಇನ್ನೊಬ್ಬ ಸಹೋದರಿ ಮರಿಯ ಬಂದು ಕಾಲಿಗೆ ಬಿದ್ದು ಅದೇ ಮಾತು ಅಂದಳು. ಹೇಳಿಕಳಿಸಿದರೂ ತಡಮಾಡಿ ಬಂದದ್ದಕ್ಕೆ ಅವರಿಗೆ ಅಷ್ಟು ನೋವಾಗಿತ್ತು. ಸ್ವಾಮಿ ಇಬ್ಬರಲ್ಲಿ ಒಬ್ಬರಿಗೂ ಬೈಯಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ನಿಂತು ಅತ್ತರು. ನಿನ್ನ ಸಿಟ್ಟನ್ನು ಅವರ ಮುಂದೆಯೇ ಇಡು, ಬೆನ್ನ ಹಿಂದೆ ಆಡಬೇಡ, ಅಷ್ಟೇ.

ಯಾಕೆ ಹೀಗಾಯಿತು ಅಂತ ನೀನು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯೋಬನಿಗೆ ದೇವರು ನಾಲ್ಕು ಅಧ್ಯಾಯ ಉದ್ದಕ್ಕೆ ಮಾತಾಡಿದರು, ಅದರಲ್ಲಿ ಕಾರಣ ಮಾತ್ರ ಹೇಳಲಿಲ್ಲ. ಆದರೂ ದೇವರೇ ಬಂದು ಮಾತಾಡಿದರು ಅನ್ನುವುದರಲ್ಲಿ ಯೋಬ ಸಮಾಧಾನ ಕಂಡ. ‘ದೇವರ ಚಿತ್ತ’ ಅನ್ನೋ ಮಾತನ್ನು ಮಣ್ಣಿನ ದಿನವೇ ಯಾರೂ ಯಾರಿಗೂ ಹೇಳಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕೊನೆಯ ದಿನದಲ್ಲಿ ಸತ್ತವರು ಏಳುತ್ತಾರೆ ಅನ್ನುವ ಮಾತನ್ನು ನಾನು ಪೂರ್ತಿ ನಂಬುತ್ತೇನೆ, ನಿನ್ನ ಅವ್ವನನ್ನು ನೀನು ನೋಡುತ್ತೀ ಅಂತಲೂ ನಂಬುತ್ತೇನೆ. ಅದನ್ನು ಈಗಲೇ ನಂಬಲು ನಿನಗೆ ಆಗದಿದ್ದರೆ ಪರವಾಗಿಲ್ಲ. ಮಾರ್ಕ 9ರಲ್ಲಿ ಒಬ್ಬ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೀನೇ ಸಹಾಯ ಮಾಡು ಅಂದ. ಅಷ್ಟಕ್ಕೇ ಅವನ ಮಗ ವಾಸಿಯಾದ. ನಿನ್ನ ಅಪ್ಪನ ಬಗ್ಗೆ ನೀನು ಏನೂ ಬರೆದಿಲ್ಲ. ಸಂಜೆ ಕಾಲೇಜಿನಿಂದ ಬಂದ ಮೇಲೆ ಅವರ ಹತ್ತಿರ ಕೂತು ಅವ್ವನ ಮಾತು ತೆಗಿ. ಅವರೂ ನಿನ್ನ ಹಾಗೇ ಬಾಯಿ ಮುಚ್ಚಿಕೊಂಡು ಕೂತಿರಬಹುದು.

ಪ್ರಶ್ನೆ: ಬೆಳಗಾವಿಯಿಂದ. ಅಪ್ಪನಿಗೆ ಶುಗರ್. ಒಂದು ಪ್ರಾರ್ಥನಾ ಕೂಟದಲ್ಲಿ ಸ್ವಸ್ಥವಾಯಿತು ಅಂತ ಹೇಳಿದ್ದಕ್ಕೆ ಇನ್ಸುಲಿನ್ ಬಿಟ್ಟಿದ್ದಾರೆ. ಮತ್ತೆ ತೆಗೆದುಕೊಂಡರೆ ಅಪನಂಬಿಕೆ ಆಗುತ್ತದಂತೆ. ಏನು ಮಾಡಲಿ?

ಉತ್ತರ: ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ. ಇವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಶುಗರ್ ಚೆಕ್ ಮಾಡಿಸಿ. ವಾಂತಿ, ಏದುಸಿರು, ಮಂಪರು ಇದ್ದರೆ ಸೀದಾ ತುರ್ತು ವಿಭಾಗಕ್ಕೆ ಹೋಗಿ, ಕಾಯಬೇಡಿ. ಅಪ್ಪ ಒಪ್ಪದಿದ್ದರೆ ಅವರಿಗೆ ಸತ್ಯವೇದದಲ್ಲಿ ಅಪೊಸ್ತಲ ಪೌಲನನ್ನು ತೋರಿಸಿ. ಅವನ ಸಂಗಡ ಇದ್ದ ಲೂಕ ವೈದ್ಯ. ಜೊತೆಗಾರ ತಿಮೊಥೆಗೆ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಪೌಲನೇ ಬರೆದ. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಮಿಲೇತ ಅನ್ನುವ ಊರಿನಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ಶರೀರದಲ್ಲಿ ನಾಟಿದ ಮುಳ್ಳು ಅಂತ ತಾನೇ ಕರೆದ ಬಾಧೆ ಹೋಗಲಿ ಅಂತ ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಇಷ್ಟೆಲ್ಲಾ ಆದ ಪೌಲನನ್ನು ನಂಬಿಕೆ ಇಲ್ಲದವನು ಅಂತ ಆ ಕೂಟದವರು ಹೇಳುತ್ತಾರಾ, ಕೇಳಿ ನೋಡಿ. ಮೊದಲು ಆಸ್ಪತ್ರೆಗೆ ಹೋಗಿ, ಆಮೇಲೆ ಕೇಳಿ.