ಗಂಟೆಗೆ ಅರವತ್ತು ಕಿಲೋಮೀಟರ್ ವೇಗದ ಲಿಫ್ಟ್ ಹೇಗೆ ಕೆಲಸ ಮಾಡುತ್ತದೆ?

ಲಿಫ್ಟನ್ನು ಮೋಟಾರು ಒಂದೇ ಎತ್ತಿ ನಿಲ್ಲಿಸುತ್ತದೆ ಎಂದು ನೀವು ಊಹಿಸಬಹುದು. ಹಾಗಲ್ಲ. ಉಕ್ಕಿನ ಹಗ್ಗಗಳು ಮೇಲಿನ ರಾಟೆಯನ್ನು ಸುತ್ತಿ ಎರಡೂ ಕಡೆ ಇಳಿಯುತ್ತವೆ. ಒಂದು ತುದಿಯಲ್ಲಿ ನಾವು ನಿಲ್ಲುವ ಪೆಟ್ಟಿಗೆ, ಇನ್ನೊಂದರಲ್ಲಿ ಅದನ್ನು ಸರಿದೂಗಿಸುವ ತೂಕ, ಅಂದರೆ ಪ್ರತಿಭಾರ. ಬಾವಿಯ ರಾಟೆಯ ಎರಡೂ ಕಡೆ ಕೊಡ ಕಟ್ಟಿದಂತೆ. ಪ್ರತಿಭಾರವು ಖಾಲಿ ಪೆಟ್ಟಿಗೆಯ ತೂಕದ ಜೊತೆಗೆ ಪೂರ್ಣ ಹೊರೆಯ ಸುಮಾರು ಅರ್ಧದಷ್ಟು ಇರುತ್ತದೆ. ಆದ್ದರಿಂದ ಮೋಟಾರು ಮುಖ್ಯವಾಗಿ ಎರಡರ ವ್ಯತ್ಯಾಸವನ್ನಷ್ಟೇ ಎಳೆಯಬೇಕು.

ತೈವಾನಿನ ತೈಪೆ 101 ಕಟ್ಟಡವನ್ನೇ ನೋಡಿ. 2004ರಲ್ಲಿ ತೆರೆದ ಅದರ ಲಿಫ್ಟ್ 5ನೇ ಮಹಡಿಯಿಂದ 89ಕ್ಕೆ 37 ಸೆಕೆಂಡುಗಳಲ್ಲಿ ಏರುತ್ತದೆ. ಗರಿಷ್ಠ ವೇಗ ನಿಮಿಷಕ್ಕೆ 1,010 ಮೀಟರ್, ಅಂದರೆ ಗಂಟೆಗೆ ಸುಮಾರು 60 ಕಿಲೋಮೀಟರ್. ಆದರೆ ಇಳಿಯುವಾಗ 600 ಮೀಟರ್ ಮಾತ್ರ! ಇಲ್ಲಿ ಮಿತಿ ಹಾಕುವುದು ಯಂತ್ರವಲ್ಲ, ನಮ್ಮ ಕಿವಿ. ಕೆಳಗಿಳಿದಂತೆ ಗಾಳಿಯ ಒತ್ತಡ ಏರುತ್ತದೆ, ಕಿವಿತಮಟೆ ಒಳಕ್ಕೆ ಒತ್ತಿಕೊಳ್ಳುತ್ತದೆ. ಏರುವಾಗಿನಷ್ಟು ಸುಲಭವಾಗಿ ಅದು ಸರಿಹೋಗುವುದಿಲ್ಲ. ಅದಕ್ಕಾಗಿ ಪೆಟ್ಟಿಗೆಯೊಳಗಿನ ಒತ್ತಡವನ್ನು ಹಂತಹಂತವಾಗಿ ಬದಲಿಸುವ ವ್ಯವಸ್ಥೆಯನ್ನೂ ಅಲ್ಲಿ ಅಳವಡಿಸಿದ್ದಾರೆ. ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದೇ.

ಹಗ್ಗ ಕಡಿದರೆ? ಹಗ್ಗಗಳು ಹಲವು ಇರುತ್ತವೆ. ವೇಗ ಮಿತಿ ಮೀರಿದರೆ ನಿಯಂತ್ರಕವು ಬ್ರೇಕುಗಳನ್ನು ಪಕ್ಕದ ಹಳಿಗಳಿಗೆ ಕಚ್ಚಿಸುತ್ತದೆ. ತೈಪೆಯಲ್ಲಿ ಆ ಬ್ರೇಕಿಗೆ ಶಾಖ ತಾಳುವ ಸೆರಾಮಿಕ್ ಬಳಸಿದ್ದಾರೆ.

ಇನ್ನೂ ಎತ್ತರಕ್ಕೆ ಹೋದಂತೆ ಉಕ್ಕಿನ ಹಗ್ಗದ ಸ್ವಂತ ತೂಕವೇ ಹೊರೆಯಾಗುತ್ತದೆ. ಸುಮಾರು 500 ಮೀಟರಿನಾಚೆ ಅದು ಕಷ್ಟ. ಹಾಗಾಗಿಯೇ ಲಿಫ್ಟ್ ತಯಾರಿಸುವ ಕೋನೆ ಕಂಪನಿ 2013ರಲ್ಲಿ ಇಂಗಾಲದ ಎಳೆಗಳ ಹಗುರ ಹಗ್ಗವನ್ನು ಪರಿಚಯಿಸಿತು.